ಪಿಯಾನೋ ವಾದಕರಾಗಬೇಕಿದ್ದ ಮೈಸೂರು ಮಹಾರಾಜರು

ಜಯಚಾಮರಾಜೇಂದ್ರ ಒಡೆಯರ್ (1919–1974) ಮೈಸೂರಿನ ಕೊನೆಯ ಮಹಾರಾಜರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ 1956ರಲ್ಲಿ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ನಮಗೂ ಅವರೇ ರಾಜ್ಯಪಾಲರು. ಅವರ ಆಸೆ ಮಾತ್ರ ಬೇರೆ ಇತ್ತು: ಕಛೇರಿ ಕೊಡುವ ಪಿಯಾನೋ ವಾದಕ ಆಗಬೇಕು. (ಬಿಳಿ-ಕರಿ ಪಟ್ಟಿ ನಮ್ಮ ಪೇಟಿಯ ಹಾಗೇ, ಒಳಗೆ ಗಾಳಿ ಬದಲು ಸಣ್ಣ ಸುತ್ತಿಗೆಗಳು ತಂತಿ ಬಡಿತಾವೆ.) 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡರು. 21ನೇ ವಯಸ್ಸಿಗೇ ಪಟ್ಟ ಏರಬೇಕಾಯ್ತು, ಆಸೆ ಅಲ್ಲಿಗೇ ನಿಂತಿತು. ಕಲಿಕೆ ಬಿಡಲಿಲ್ಲ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು.

ಮಾಸ್ಕೋದಲ್ಲಿ ಪಿಯಾನೋ ಪಾಠ ಹೇಳಿದ್ದ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ, ಅವರ ಕೃತಿಗಳ ಧ್ವನಿಮುದ್ರಣಕ್ಕೆ ರೊಕ್ಕ ಕೊಟ್ಟವರು ಇವರೇ. ಮೆಟ್ನರ್ ತಮ್ಮ 3ನೇ ಪಿಯಾನೋ ಕನ್ಸರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು.