ಹೆಸರು ಒಂದೇ, ಫೈಲ್ ಎರಡು (ಕಂಪ್ಯೂಟರ್ ಇತಿಹಾಸ – ಭಾಗ 7)

ಕಡಬ ತಾಲೂಕಾಗಿ ವರ್ಷಗಳೇ ಆದ್ವು. ಆದ್ರೂ ಮೊನ್ನೆ ಒಂದು ಆನ್‌ಲೈನ್ ಫಾರ್ಮ್ ತುಂಬುವಾಗ ನಮ್ಮೂರನ್ನು ಪುತ್ತೂರು ತಾಲೂಕಿನ ಪಟ್ಟಿಯಲ್ಲೇ ಹುಡುಕಬೇಕಾಯ್ತು. ಕಂಪ್ಯೂಟರ್ ಒಳಗೂ ಇದೇ ಕಥೆ ಮಾರಾಯ್ರೆ.

ಹಿಂದೆ ಯುನಿಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಂ ತನಗೆ ಬೇಕಾದ ಲೈಬ್ರರಿಯ ಕೋಡನ್ನು ತನ್ನೊಳಗೇ ತುಂಬಿಕೊಳ್ಳುತ್ತಿತ್ತು. ಡಿಸ್ಕ್, ಮೆಮೊರಿ ಎರಡೂ ದಂಡ. 1988ರ ಸನ್ಓಎಸ್ 4.0ರಲ್ಲಿ ಹಂಚಿಕೊಳ್ಳುವ ಲೈಬ್ರರಿ ಬಂತು: ಫೈಲ್ ಒಂದೇ, ಬಳಸುವವರು ಹತ್ತು. (1960ರ ದಶಕದ ಮಲ್ಟಿಕ್ಸ್‌ನಲ್ಲೇ ಈ ಯೋಚನೆ ಇತ್ತು, ಅದು ಬೇರೆ ಮಾತು.)

ಒಂದೇ ಹೆಸರಿನ ಎರಡು ಫೈಲ್ ಇದ್ದರೆ? ಮೊದಲು ಸಿಕ್ಕಿದ್ದೇ ಸರಿ! ಅದಕ್ಕೇ ಎಲ್‌ಡಿ_ಲೈಬ್ರರಿ_ಪಾತ್ ಅಂತ ಒಂದು ಪಟ್ಟಿ. ಅದರಲ್ಲಿ ಬರೆದ ಫೋಲ್ಡರ್‌ಗಳನ್ನು ಸಿಸ್ಟಮ್ ಫೋಲ್ಡರ್‌ಗಿಂತ ಮೊದಲು ಹುಡುಕುತ್ತದೆ. ಆಮೇಲೆ ಬಂದ ಆರ್‌ಪಾತ್ ಪ್ರೋಗ್ರಾಂ ಒಳಗೇ ಬರೆದ ದಾರಿ, ಅದು ಈ ಪಟ್ಟಿಗಿಂತಲೂ ಮುಂದೆ. ಅಂದ್ರೆ ಪ್ರೋಗ್ರಾಂ ಕಟ್ಟಿದವರ ಮಾತೇ ನಡೆಯುವುದು, ಪರೀಕ್ಷೆ ಮಾಡುವವರದ್ದಲ್ಲ. ಇದು ತಲೆನೋವಾಗಿ ರನ್‌ಪಾತ್ ಬಂತು. ಅದು ಪಟ್ಟಿಯ ನಂತರ ನಿಲ್ಲುತ್ತದೆ.

ನಮಗೆಂತ ಇದರಿಂದ? ಆಂಡ್ರಾಯ್ಡ್, ಫೈರ್‌ಫಾಕ್ಸ್‌ನಲ್ಲಿ ಕನ್ನಡದ ಒತ್ತಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಲಿನಕ್ಸ್‌ನ ಲಿಬ್ರೆಆಫೀಸ್‌ಗೆ ಅದು 2013ರಲ್ಲಿ ಬಂತು, 2017ರಲ್ಲಿ ವಿಂಡೋಸ್, ಮ್ಯಾಕ್‌ಗೂ. ಆವೃತ್ತಿ ಎಷ್ಟು ಬದಲಾದರೂ ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳು ಕೇಳುವ ಫೈಲಿನ ಹೆಸರು ಒಂದೇ, ಕೊನೆಗೆ ಅದೇ ಸೊನ್ನೆ. ಗೊಂದಲ ಶುರುವಾಗುವುದೇ ಅಲ್ಲಿ.

ರಜೆಯಲ್ಲಿ ಹಳೆ ಲ್ಯಾಪ್‌ಟಾಪ್‌ನಲ್ಲಿ ಹೊಸ ಹಾರ್ಫ್‌ಬಜ್ ಕಟ್ಟಿದೆ. ಎಡಿಟರ್ ತೆರೆದು ‘ರಾಷ್ಟ್ರ’ ಟೈಪ್ ಮಾಡಿದೆ. ಸರಿ ಬಂತು, ಭಾರೀ ಖುಷಿ. ಆಮೇಲೆ ಎಲ್‌ಡಿಡಿ ಕಮಾಂಡ್ ಹಾಕಿ ನೋಡಿದ್ರೆ ಕೆಲಸ ಮಾಡಿದ್ದು ಸಿಸ್ಟಮ್‌ನ ಹಳೆ ಫೈಲು! ನಾನು ಕಟ್ಟಿದ್ದನ್ನು ಯಾರೂ ಮುಟ್ಟಿಯೇ ಇರಲಿಲ್ಲ. ತಪ್ಪು ಬಂದಿದ್ದರೆ ಇನ್ನೂ ಗೋಳು. ಹೊಸ ಕೋಡಿನಲ್ಲಿ ಇಲ್ಲದ ದೋಷಕ್ಕೆ ಅರ್ಧ ದಿನ ಹುಡುಕಾಟ.

ಹೊಸ ಫೋಲ್ಡರನ್ನು ಪಟ್ಟಿಯ ತಲೆಗೆ ಹಾಕಿ, ಅದೇ ಸಾಲಿನಲ್ಲಿ ಎಡಿಟರ್ ಓಡಿಸಿದೆ. ಆ ಒಂದು ಕಮಾಂಡಿಗೆ ಮಾತ್ರ. ಶಾಶ್ವತ ಸೆಟ್ಟಿಂಗ್‌ನಲ್ಲಿ ಬರೆದರೆ ಉಳಿದ ಪ್ರೋಗ್ರಾಂಗಳೂ ಅರ್ಧ ಬೆಂದ ಲೈಬ್ರರಿ ತಿನ್ನುತ್ತವೆ. ಪಟ್ಟಿಯ ಕೊನೆಗೆ ಸುಮ್ಮನೆ ಒಂದು ಕೋಲನ್ ಉಳಿದರೂ ಕಷ್ಟ, ಆ ಖಾಲಿ ಜಾಗ ಅಂದ್ರೆ ‘ಈಗ ನಿಂತಿರುವ ಫೋಲ್ಡರ್’ ಅಂತ ಅರ್ಥ. ಅಲ್ಲಿ ಯಾರಾದ್ರೂ ಅದೇ ಹೆಸರಿನ ಕಳ್ಳ ಫೈಲ್ ಇಟ್ಟಿದ್ರೆ? ವಿಂಡೋಸ್ ಕೂಡ ಇದೇ ಹೆದರಿಕೆಗೆ 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಲ್ಲಿ ನಿಂತಿರುವ ಫೋಲ್ಡರನ್ನು ಸಾಲಿನಲ್ಲಿ ಹಿಂದಕ್ಕೆ ಕಳಿಸಿತು.

ಎರಡನೇ ಸಲ ಎಲ್‌ಡಿಡಿ ನನ್ನ ಫೋಲ್ಡರ್ ತೋರಿಸಿತು. ಆಮೇಲೇ ‘ರಾಷ್ಟ್ರ’ ಟೈಪ್ ಮಾಡಿದ್ದು.