ಸೂರಿನ ನೀರು, ಪಗಡಿಯ ಲೆಕ್ಕ

ಮುಂಬಯಿಯಲ್ಲಿ ಮನೆಯ ಬೆಲೆಯನ್ನು ಚದರಡಿಯಲ್ಲಿ ಹೇಳುತ್ತಾರೆ. ನಮ್ಮ ಗಿರ್ಗಾಂವಿನ ಚಾಳಿನ ಬೆಲೆ ಮಾತ್ರ ಒಂದು ತಗಡಿನ ದೋಣಿಯ ಮೇಲೆ ನಿಂತಿತ್ತು ಅಂದರೆ ಈಗಿನವರು ನಗಬಹುದು. ದೋಣಿ ಅಂದರೆ ಕಡಲಿನದ್ದಲ್ಲ. ಮಾಡಿನ ಅಂಚಿನಲ್ಲಿ ಮಳೆನೀರು ಹಿಡಿಯಲು ಕಟ್ಟುತ್ತಾರಲ್ಲ, ಅದು. ನೆರೆಮನೆಯ ಮರಾಠಿಯವರು ಅದಕ್ಕೆ ‘ಪನ್ಹಳ’ ಅನ್ನುತ್ತಿದ್ದರು.

ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಇದರ ಗೊಡವೆಯೇ ಇರಲಿಲ್ಲ. ಮುಂಬಯಿಗಿಂತ ಎಷ್ಟೋ ಜಾಸ್ತಿ ಮಳೆ ಅಲ್ಲಿ. ಆದರೂ ಸೂರಿನ ನೀರು ಸೀದಾ ಅಂಗಳಕ್ಕೆ ಬೀಳುತ್ತಿತ್ತು, ಅಂಗಳದಿಂದ ತೋಡಿಗೆ. ಎರಡು ಮಾಡು ಕೂಡುವ ಕಡೆ ಅಡಿಕೆ ಮರ ಸೀಳಿ ಮಾಡಿದ ಒಂದು ದಂಬೆ ಇಟ್ಟರೆ ಮುಗೀತು. ಕುಂಬಾದರೆ ಮರುವರ್ಷ ಇನ್ನೊಂದು. ದಂಬೆ ನೋಡಿ ಮನೆಗೆ ಬೆಲೆ ಕಟ್ಟಿದವರನ್ನು ನಾನು ಕಾಣೆ.

ಫೋರ್ಟಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಪ್ಪಯ್ಯ ಪಗಡಿ ಕೊಟ್ಟು ಹಿಡಿದ ಖೋಲಿ ಮೇಲಿನ ಮಾಳಿಗೆಯದು. ತಲೆಯ ಮೇಲೆ ಹೆಂಚು, ಅದೂ ನಮ್ಮ ಮಂಗಳೂರು ಹೆಂಚು. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ಹಡಗು ಹತ್ತಿ ಮುಂಬಯಿಗೂ ಬಂತು, ಮರಾಠಿಯಲ್ಲಿ ‘ಮಂಗಳೂರಿ ಕೌಲ’ ಆಯಿತು. ಒಮ್ಮೆ ಒಡೆದ ಹೆಂಚು ತೆಗೆದಾಗ ಅದರ ಹಿಂದೆ ಮಿಷನ್ನಿನ ಹೆಸರೂ 1865 ಎಂಬ ಅಂಕಿಯೂ ಕಂಡಿತು. “ನಮಗಿಂತ ಮುಂಚೆ ಊರಿಂದ ಬಂದವನು ಇವನೇ” ಅಂದರು ಅಪ್ಪಯ್ಯ.

ಹೆಂಚು ಊರಿನದಾದರೂ ಅಂಗಳ ಮಾತ್ರ ಬರಲಿಲ್ಲ. ಎರಡು ಚಾಳುಗಳ ನಡುವೆ ಕೈ ಚಾಚಿದರೆ ಮುಟ್ಟುವಷ್ಟು ಸಂದು. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನೀರನ್ನು ದೋಣಿ ಹಿಡಿದು ಕೊಳವೆಗೆ ಇಳಿಸದಿದ್ದರೆ ಅದು ಗೋಡೆಗೇ ಹೋಗುತ್ತದೆ. ಹಳೆಯ ಚಾಳುಗಳಲ್ಲಿ ಮಾಳಿಗೆಯ ಮರದ ತೊಲೆಗಳ ತುದಿ ಇಟ್ಟಿಗೆ ಗೋಡೆಯೊಳಗೆ ಹೂತಿರುತ್ತದೆ. ಗೋಡೆ ನೆನೆದರೆ ಮೊದಲು ಕುಂಬಾಗುವುದು ಆ ತುದಿ. ಹೊರಗಿಂದ ನೋಡಿದರೆ ತೊಲೆ ಗಟ್ಟಿ, ಒಳಗೆ ಹುಡಿ. ಮುಂಬಯಿಯಲ್ಲಿ ಮಳೆಗಾಲದಲ್ಲೇ ಚಾಳುಗಳು ಕುಸಿಯುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಮಾಲಕ ಯಾಕೆ ರಿಪೇರಿ ಮಾಡಿಸುವುದಿಲ್ಲ? ಅದಕ್ಕೆ ಉತ್ತರ 1947ರ ಬಾಡಿಗೆ ನಿಯಂತ್ರಣ ಕಾನೂನಿನಲ್ಲಿದೆ. ಹಳೆಯ ಕಟ್ಟಡಗಳ ಬಾಡಿಗೆಯನ್ನು ಅದು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ಸುಲಿಗೆ ತಡೆಯಲು ಬಂದ ಕಾನೂನು ಬಡ ಬಾಡಿಗೆದಾರರನ್ನು ಉಳಿಸಿತು, ಕಟ್ಟಡವನ್ನು ಅನಾಥ ಮಾಡಿತು. ನಮ್ಮ ತಿಂಗಳ ಬಾಡಿಗೆ ಹದಿನೆಂಟು ರೂಪಾಯಿ. ಅಷ್ಟೂ ಖೋಲಿಗಳ ಬಾಡಿಗೆ ಸೇರಿಸಿದರೂ ಒಂದು ಬದಿಯ ದೋಣಿಗೆ ಸಾಲದು. ಕುಸಿತಗಳು ಹೆಚ್ಚಾದಾಗ ಸರಕಾರ 1969ರಲ್ಲಿ ರಿಪೇರಿ ಮಂಡಳಿಯ ಕಾನೂನು ತಂದು, ಸೆಸ್ ವಸೂಲಿಗೆ ಶುರುಮಾಡಿತು. ಆಗ ಆ ಪಟ್ಟಿಗೆ ಸೇರಿದ ಕಟ್ಟಡಗಳು 19,642.

ನಾವು ಕಾದು ಸಾಕಾಗಿ 1996ರ ಬೇಸಿಗೆಯಲ್ಲಿ ನಮ್ಮ ಕೈಯಿಂದಲೇ ದೋಣಿ ಬದಲಿಸಲು ಹೊರಟೆವು. ಸಭೆ ಸೇರಿದ್ದು ಕೆಳಗಿನ ನಲ್ಲಿಯ ಹತ್ತಿರ. ಹಳೆಯದು ಬೀಡುಕಬ್ಬಿಣದ್ದು, ಅದರ ಭಾರಕ್ಕೆ ಹಿಡಿಕೆಗಳೇ ಗೋಡೆಯಿಂದ ಕಿತ್ತು ಬಂದಿದ್ದವು. ಸಿಮೆಂಟ್ ಶೀಟಿನದು ಅಗ್ಗ, ಆದರೆ ಮಾಡಿನ ಮೇಲೆ ಹತ್ತುವವನ ಕಾಲು ತಾಗಿದರೆ ಬಿರುಕು. ಪಿವಿಸಿ ತುಕ್ಕು ಹಿಡಿಯುವುದಿಲ್ಲ, ಬಿಸಿಲಿಗೆ ಹಿಗ್ಗಿ ಜೋಡಣೆ ಬಿಡುತ್ತದೆ, ವರ್ಷ ಕಳೆದಂತೆ ಪೆಡಸಾಗುತ್ತದೆ. ಜಿಐ ತಗಡಿಗೆ ಚೌಪಾಟಿಯ ಉಪ್ಪುಗಾಳಿಯೇ ಶತ್ರು. ಕೊನೆಗೆ ದಪ್ಪ ಜಿಐ ತಗಡು, ಒಳಗೆ ಡಾಂಬರಿನ ಲೇಪ, ಇಳಿಕೆಗೆ ಆರಿಂಚಿನ ಪಿವಿಸಿ ಕೊಳವೆ ಅಂತ ತೀರ್ಮಾನ. ಹತ್ತು ಅಡಿಗೆ ಒಂದಿಂಚು ಇಳಿಜಾರು ಇರಲೇಬೇಕು ಅಂತ ಅಪ್ಪಯ್ಯ ಹಟ ಹಿಡಿದರು. ನೀರು ನಿಂತರೆ ಎಂಥ ತಗಡೂ ಉಳಿಯದು.

ಜಗಳ ಎದ್ದದ್ದು ದುಡ್ಡಿನ ಮಾತಿಗೆ. ಮಾಡು ಸೋರುವುದು ಮೇಲಿನವರಿಗೆ, ನಾವ್ಯಾಕೆ ಕೊಡಬೇಕು ಅಂದರು ಕೆಳಗಿನವರು. ಅಪ್ಪಯ್ಯ ಅವರನ್ನು ಕರೆದುಕೊಂಡು ಹೋಗಿ ಅವರದೇ ಅಡುಗೆ ಮೂಲೆಯ ಗೋಡೆಗೆ ಕೈ ಇಡಿಸಿದರು. ಮೇ ತಿಂಗಳಲ್ಲೂ ತಣ್ಣಗಿತ್ತು! ಅದೇ ಮಾಳಿಗೆಯ ತರುಣನೊಬ್ಬ ಇನ್ನೊಂದು ಮಾತು ತೆಗೆದ: “ಕಾಕಾ, ರಿಪೇರಿ ಯಾಕೆ? ಬೀಳಲಿ ಬಿಡಿ. ಬಿಲ್ಡರ್ ಬರ್ತಾನೆ, ಬಿಟ್ಟಿ ಫ್ಲಾಟ್ ಸಿಗ್ತದೆ.”

ಅವನ ಮಾತು ಹುಚ್ಚಲ್ಲ. 1991ರ ಅಭಿವೃದ್ಧಿ ನಿಯಮಗಳ ಪ್ರಕಾರ ಸೆಸ್ ಕಟ್ಟಡ ಕೆಡವಿ ಕಟ್ಟಿದರೆ ಹಳೆಯ ಬಾಡಿಗೆದಾರನಿಗೆ ಕನಿಷ್ಠ 225 ಚದರಡಿಯ ಮನೆ ಸಿಗಬೇಕಿತ್ತು. 2009ರಲ್ಲಿ ಅದು 300 ಆಯಿತು. ಅಂದರೆ ಕಟ್ಟಡ ಎಷ್ಟು ಬೇಗ ಹಾಳಾಗುತ್ತದೋ ಅಷ್ಟು ಲಾಭ ಎಂಬ ಆಸೆಗೆ ಕಾನೂನೇ ದಾರಿ ಮಾಡಿತ್ತು. ಅಪ್ಪಯ್ಯ ಕೇಳಿದ್ದು ಇಷ್ಟೇ: “ಬಿಲ್ಡರ್ ಬರುವವರೆಗೆ ಮಕ್ಕಳನ್ನು ಎಲ್ಲಿ ಮಲಗಿಸ್ತೀಯಾ?” ಆಮೇಲೆ ಅವನೂ ಪಾಲು ಕೊಟ್ಟ. ಊರಿನ ಗದ್ದೆಯ ಬಾವಿಗೆಂದು ಇಟ್ಟ ದುಡ್ಡಿನಲ್ಲಿ ನಮ್ಮ ಪಾಲು ಹೋಯಿತು. ಅಮ್ಮ ಅದನ್ನು ಬಹಳ ವರ್ಷ ಮರೆಯಲಿಲ್ಲ.

ಬೆಲೆಯ ಪಾಠ ಸಿಕ್ಕಿದ್ದು ಎರಡು ಮಳೆಗಾಲದ ನಂತರ. ಪಕ್ಕದವರು ಖೋಲಿ ಮಾರಲು ಹೊರಟಾಗ ಗಿರಾಕಿ ಬೇಕಂತಲೇ ಜುಲೈಯಲ್ಲಿ ಬಂದ. ಹೊಳೆಯುವ ಹೊಸ ದೋಣಿಯ ಕಡೆ ಅವನು ತಲೆಯೆತ್ತಿಯೂ ನೋಡಲಿಲ್ಲ. ಗೋಡೆಗೆ ಅಂಗೈ ಒತ್ತಿದ, ತೊಲೆಯನ್ನು ಬೀಗದ ಕೈಯಿಂದ ಬಡಿದು ಕೇಳಿದ. ಚೌಕಾಸಿ ಮಾಡಲು ಅವನಿಗೆ ಸೋರಿಕೆಯ ನೆಪ ಸಿಗಲಿಲ್ಲ. ಪಗಡಿಯಲ್ಲಿ ಮೂರನೇ ಒಂದು ಪಾಲು ರೂಢಿಯಂತೆ ಮಾಲಕನಿಗೆ ಹೋಯಿತು, ದೋಣಿಗೆ ಅವನು ಒಂದು ಪೈಸೆ ಕೊಟ್ಟಿರಲಿಲ್ಲ! ಅಲ್ಲಿಯವರೆಗೆ ಕಳ್ಳವ್ಯವಹಾರವಾಗಿದ್ದ ಪಗಡಿಗೆ ಕಾನೂನಿನ ಮಾನ್ಯತೆ ಬಂದದ್ದು 1999ರ ಬಾಡಿಗೆ ಕಾಯ್ದೆ 2000ದಲ್ಲಿ ಜಾರಿಯಾದ ಮೇಲೆ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಸುರಿಯಿತು. ಕೊಲಾಬಾದಲ್ಲಿ 73 ಮಾತ್ರ. ನಮ್ಮ ಕಡೆ ದೊಡ್ಡ ಪರೀಕ್ಷೆ ಆಗಲಿಲ್ಲ. ಆದರೂ ಆ ರಾತ್ರಿ ರೈಲಿಲ್ಲದೆ ಸಿಕ್ಕಿಬಿದ್ದ ಊರಿನ ಐದಾರು ಮಂದಿ ನಮ್ಮ ಖೋಲಿಯಲ್ಲೇ ಮಲಗಿದರು. ಒಂದು ಬಕೆಟ್ಟನ್ನೂ ನೆಲದ ಮೇಲೆ ಇಡಬೇಕಾಗಲಿಲ್ಲ.

2012ರಲ್ಲಿ ಬಿಲ್ಡರ್ ಬಂದೇ ಬಂದ. ಗೋಡೆ ಒಣಗಿದ್ದವರಿಗೂ ಒದ್ದೆಯಾಗಿದ್ದವರಿಗೂ ಕರಾರಿನಲ್ಲಿ ಒಂದೇ ಚದರಡಿ. ದೋಣಿಯ ಖರ್ಚಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅಪ್ಪಯ್ಯ ಅದನ್ನು ನೋಡಲು ಇರಲಿಲ್ಲ. ಹದಿನಾರು ಮಳೆಗಾಲ ನಾವು ಆ ಮಾಡಿನ ಕೆಳಗೆ ನೆನೆಯದೆ ಮಲಗಿದ್ದೆವು. ಹದಿನೆಂಟು ರೂಪಾಯಿಯ ಬಾಡಿಗೆ ರಸೀದಿಗಳ ನಡುವೆ ತಗಡಿನ ಅಂಗಡಿಯ ಆ ಬಿಲ್ಲು ಈಗಲೂ ನನ್ನ ಹತ್ತಿರ ಇದೆ.