ಕಂದು ಲಕೋಟೆಯಿಂದ ವಾಟ್ಸಾಪಿನವರೆಗೆ

ನಾವು ಚಿಕ್ಕವರಿದ್ದಾಗ ಕಾವೂರಿನ ನಮ್ಮ ನೆರೆಕರೆಯಲ್ಲಿ ಪತ್ರ ಓದಿ ಹೇಳುವ ಕೆಲಸ ನಮ್ಮ ಪಾಲಿಗೆ ಬರುತ್ತಿತ್ತು. ಗಲ್ಫಿನಿಂದ ಬಂದ ಪತ್ರವಾದರೆ ಉಮ್ಮಂದಿರು ಅಳುತ್ತಾ ನಗುತ್ತಾ ಎರಡೆರಡು ಬಾರಿ ಓದಿಸುತ್ತಿದ್ದರು. ಕಂದು ಲಕೋಟೆಯಾದರೆ ಮಾತ್ರ ಎಲ್ಲರೂ ಗಂಭೀರವಾಗುತ್ತಿದ್ದರು. ಅದು ಸರಕಾರದ್ದು. ಅಂಚೆಚೀಟಿಯ ಮೇಲೆ 'ಸರ್ವಿಸ್' ಎಂಬ ಅಚ್ಚಿರುತ್ತಿತ್ತು.

ಆ ಅಚ್ಚಿಗೊಂದು ಚರಿತ್ರೆಯಿದೆ. ಕಂಪೆನಿ ಸರಕಾರದ ಕಾಲದಲ್ಲಿ ದೊಡ್ಡ ಅಧಿಕಾರಿಗಳ ಲಕೋಟೆ ಅವರ ಸಹಿಯ ಬಲದಿಂದಲೇ ಪುಕ್ಕಟೆಯಾಗಿ ಸಾಗುತ್ತಿತ್ತು. ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರಿಗೂ ಈ ಸವಲತ್ತಿತ್ತು. ಅವರು ತಮ್ಮ ಸಹಿಯನ್ನು ನೆಂಟರಿಷ್ಟರಿಗೆಲ್ಲ ದಾನ ಮಾಡುತ್ತಿದ್ದರು! 1840ರಲ್ಲಿ ಪೆನ್ನಿ ಅಂಚೆ ಬಂದಾಗ ಅದು ರದ್ದಾಯಿತು. ನಮ್ಮಲ್ಲಿ 1866ರಲ್ಲಿ ಕಚೇರಿ ಪತ್ರಗಳಿಗೆಂದೇ 'ಸರ್ವಿಸ್' ಚೀಟಿ ಬಂತು. ಅಮೆರಿಕದ ಸಂಸದರಿಗೆ ಉಚಿತ ಅಂಚೆ ಇಂದಿಗೂ ಇದೆ. ಆದರೆ ಸ್ಪರ್ಧಿಸುವವರು ಚುನಾವಣೆಗೆ 60 ದಿನ ಇರುವಾಗ ಸಾಮೂಹಿಕ ಪತ್ರಗಳನ್ನು ನಿಲ್ಲಿಸಬೇಕು.

ನಮ್ಮ ದೇಶದಲ್ಲಿ ಈ ರೋಗ ಸಂಸದರಿಗಿಂತ ಆಳುವವರನ್ನೇ ಹೆಚ್ಚು ಹಿಡಿದಿದೆ. ಮಾದರಿ ನೀತಿಸಂಹಿತೆ 1960ರ ಕೇರಳ ಚುನಾವಣೆಯಲ್ಲಿ ಹುಟ್ಟಿದ್ದು. ಆಳುವ ಪಕ್ಷವನ್ನು ಕಟ್ಟಿಹಾಕುವ ಭಾಗ ಅದಕ್ಕೆ ಸೇರಿದ್ದು 1979ರಲ್ಲಿ. ಬೊಕ್ಕಸದ ಖರ್ಚಿನಲ್ಲಿ ಜಾಹೀರಾತು ಕೊಡಬಾರದೆಂದು ಅದು ಹೇಳುತ್ತದೆ. ಆದರೆ ಈ ನಿರ್ಬಂಧ ಚುನಾವಣೆ ಘೋಷಣೆಯಾದ ದಿನದಿಂದ. ಅದರ ಹಿಂದಿನ ದಿನದವರೆಗೆ ಬಾಗಿಲು ತೆರೆದೇ ಇರುತ್ತದೆ. 2004ರ ಚುನಾವಣೆಗೆ ಮುನ್ನ 'ಇಂಡಿಯಾ ಶೈನಿಂಗ್' ಜಾಹೀರಾತುಗಳು ಪತ್ರಿಕೆಗಳ ಪುಟ ತುಂಬಿದ್ದು ಆ ಬಾಗಿಲಿನಿಂದಲೇ.

2015ರ ಮೇ 13ರಂದು ಸುಪ್ರೀಂ ಕೋರ್ಟು ಸರಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಗಳ ಫೋಟೋ ಮಾತ್ರ ಇರಬಹುದೆಂದಿತು. ಕೇಂದ್ರವೂ ಹಲವು ರಾಜ್ಯಗಳೂ ತೀರ್ಪಿನ ಮರುಪರಿಶೀಲನೆ ಕೇಳಿದವು. ಅವುಗಳಲ್ಲಿ ಆಗ ಕಾಂಗ್ರೆಸ್ ಆಳುತ್ತಿದ್ದ ಕರ್ನಾಟಕವೂ ಒಂದು. 2016ರ ಮಾರ್ಚಿನಲ್ಲಿ ಮುಖ್ಯಮಂತ್ರಿಗಳ, ಮಂತ್ರಿಗಳ ಮುಖಗಳು ಮರಳಿ ಬಂದವು. ಪಕ್ಷ ಯಾವುದಾದರೇನು, ಫೋಟೋದ ಮೋಹ ಒಂದೇ ಅಲ್ಲವೇ?

ಜಾಹೀರಾತಿಗೂ ಪತ್ರಕ್ಕೂ ಒಂದು ವ್ಯತ್ಯಾಸವಿದೆ. ಜಾಹೀರಾತು ಊರಿಗೆಲ್ಲ, ಪತ್ರ ನಿಮ್ಮ ಹೆಸರಿಗೆ. 2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದಾಗ ಪ್ರಧಾನಿಯ ಫೋಟೋ ಇದ್ದ ಪತ್ರಗಳು ಅಂಚೆಯಲ್ಲಿ ಫಲಾನುಭವಿಗಳ ಮನೆಗೆ ಹೋದವು. ಯೋಜನೆಗೆ ರಾಜ್ಯಗಳೂ ಹಣ ಕೊಡುತ್ತಿದ್ದವು. ಇದನ್ನೇ ಆಕ್ಷೇಪಿಸಿ 2019ರ ಜನವರಿಯಲ್ಲಿ ಮಮತಾ ಬ್ಯಾನರ್ಜಿ ಪಶ್ಚಿಮ ಬಂಗಾಳವನ್ನು ಯೋಜನೆಯಿಂದ ಹೊರತಂದರು. ಪತ್ರದ ಮೇಲಿನ ಜಗಳಕ್ಕೆ ಅಲ್ಲಿನ ಬಡರೋಗಿಗಳು ಯೋಜನೆಯನ್ನೇ ಕಳಕೊಂಡರು ಎಂಬುದನ್ನೂ ಹೇಳಬೇಕು.

2024ರಲ್ಲಿ ಅಂಚೆಯಣ್ಣನೂ ಬೇಕಾಗಲಿಲ್ಲ. ಮಾರ್ಚ್ 16ರಂದು ಚುನಾವಣೆ ಘೋಷಣೆಯಾಯಿತು. ಅದೇ ದಿನಗಳಲ್ಲಿ 'ವಿಕಸಿತ ಭಾರತ ಸಂಪರ್ಕ' ಎಂಬ ಹೆಸರಿನಿಂದ ಪ್ರಧಾನಿಯ ಪತ್ರ ವಾಟ್ಸಾಪಿನಲ್ಲಿ ಬಂತು. ಯುಎಇಯಲ್ಲಿದ್ದ ವಿದೇಶಿಯರ ಮೊಬೈಲಿಗೂ ಬಂತು! ಅವರ ನಂಬರ್ ಎಲ್ಲಿಂದ ಸಿಕ್ಕಿತು ಎಂದು ಜನ ಕೇಳಿದರು. ಮಾರ್ಚ್ 21ರಂದು ಚುನಾವಣಾ ಆಯೋಗ ಇದನ್ನು ನಿಲ್ಲಿಸಲು ಹೇಳಿತು. ಸಂದೇಶಗಳನ್ನು ಸಂಹಿತೆ ಜಾರಿಯಾಗುವ ಮೊದಲೇ ಕಳುಹಿಸಿದ್ದು, ಕೆಲವು ತಾಂತ್ರಿಕ ಕಾರಣದಿಂದ ತಡವಾಗಿ ತಲುಪಿರಬಹುದು ಎಂದು ಸಚಿವಾಲಯ ಉತ್ತರಿಸಿತು. ಒಂದು ವೇಳೆ ಅದು ನಿಜವೆಂದೇ ಇಟ್ಟುಕೊಳ್ಳೋಣ. ಘೋಷಣೆಯ ಹಿಂದಿನ ದಿನ ಕಳುಹಿಸಿದರೆ ಆ ಪತ್ರ ಬೇರೆಯದಾಗುತ್ತದೆಯೇ?

ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕಿತ್ತು. ಅದಕ್ಕೆ ಕೆಲವು ದಿನ ಮೊದಲು ನೆರೆಮನೆಯ ಉಮ್ಮ ಮೊಬೈಲು ಹಿಡಿದುಕೊಂಡು ಬಂದರು. ಹಿಂದೆ ಗಲ್ಫಿನ ಪತ್ರ ಓದಿಸುತ್ತಿದ್ದವರು ಅವರೇ. ಈ ಪತ್ರವನ್ನೂ ಓದಿ ಹೇಳಿದೆವು.

"ಇದನ್ನು ಅಳಿಸಿದರೆ ನನ್ನ ಪಿಂಚಣಿ ನಿಲ್ಲುತ್ತದಾ ಮೋನೆ?" ಎಂದು ಕೇಳಿದರು.

ಇಲ್ಲ, ಅದು ನಿಮ್ಮ ಹಕ್ಕು, ಸರಕಾರದ ದುಡ್ಡು ನಮ್ಮೆಲ್ಲರ ತೆರಿಗೆಯದ್ದು, ನೀವು ಕೊಳ್ಳುವ ಸಾಬೂನಿನಲ್ಲೂ ತೆರಿಗೆಯಿದೆ ಎಂದೆಲ್ಲ ವಿವರಿಸಿದೆವು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಆದರೂ ಇರಲಿ" ಎಂದು ಮೊಬೈಲನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದರು.